ಚೆಂಡು ಯಾರ ಕೈಗೆ?

ಕ್ರಿಕೆಟ್ ನೋಡುವವರಲ್ಲಿ ಎರಡು ಪಂಗಡಗಳುಂಟು. ದಾಂಡಿಗನನ್ನು ನೋಡುವವರದು ಒಂದು ಪಂಗಡ. ಇವರ ಸಂಖ್ಯೆ ಬಹಳ. ಚೆಂಡು ಬೌಂಡರಿ ಗೆರೆ ದಾಟಿದಾಗ ಎದ್ದುನಿಂತು ಚಪ್ಪಾಳೆ ತಟ್ಟುವವರು, ಮನೆಗೆ ಹೋದ ಮೇಲೆ ಯಾರು ಎಷ್ಟು ರನ್ನು ಹೊಡೆದರೆಂದು ಮಡದಿ ಮಕ್ಕಳಿಗೆ ಒಪ್ಪಿಸುವವರು ಇವರೇ. ಇನ್ನೊಂದು ಪಂಗಡದವರು ಓವರು ಮುಗಿದೊಡನೆ ನಾಯಕನ ಕಡೆಗೆ ಕಣ್ಣು ಹೊರಳಿಸುತ್ತಾರೆ. ಅವನು ಯಾರನ್ನು ಕೈಮಾಡಿ ಕರೆಯುತ್ತಾನೆ, ಯಾರ ಬೆನ್ನು ತಟ್ಟಿ ದೂರದ ಗೆರೆಗೆ ಕಳುಹಿಸುತ್ತಾನೆ, ಚೆಂಡನ್ನು ಕೈಯಲ್ಲೇ ಹಿಡಿದು ಎಷ್ಟು ಹೊತ್ತು ಯೋಚಿಸುತ್ತಾನೆ ಎಂಬುದೇ ಇವರಿಗೆ ಪಂದ್ಯ. ಇಂಥವರ ಪಕ್ಕದಲ್ಲಿ ಕುಳಿತು ಆಟ ನೋಡುವುದು ಸುಖದ ಕೆಲಸವಲ್ಲ.

ವೈದ್ಯನಾಥಪುರದ ಮೇಷ್ಟ್ರು ಈ ಎರಡನೆಯ ಪಂಗಡಕ್ಕೆ ಸೇರಿದವರು. ಮದ್ದೂರಿಗೆ ಕೂಗಳತೆಗಿಂತ ತುಸು ಹೆಚ್ಚು ದೂರದಲ್ಲಿ, ಶಿಂಷಾ ನದಿಯ ದಡದಲ್ಲಿರುವ ಈ ಊರು ಹೊರಗಿನವರಿಗೆ ಗೊತ್ತಿರುವುದು ವೈದ್ಯನಾಥೇಶ್ವರನ ದೇವಾಲಯದಿಂದ. ರೋಗ ವಾಸಿಯಾಗಲೆಂದು ಹರಕೆ ಹೊತ್ತು ಬರುವವರು ಇಂದಿಗೂ ಇದ್ದಾರೆ. ಮೇಷ್ಟ್ರ ರೋಗವನ್ನು ಮಾತ್ರ ಈಶ್ವರನೂ ವಾಸಿ ಮಾಡಲಿಲ್ಲ ಎಂದು ಅವರ ಧರ್ಮಪತ್ನಿ ಹೇಳುತ್ತಿದ್ದುದುಂಟು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೇಳು ವರ್ಷ ಮಗ್ಗಿ ಹೇಳಿಕೊಟ್ಟವರು ಮನೆಯಲ್ಲಿ ಇಟ್ಟುಕೊಂಡಿದ್ದುದು ರೂಲು ಹಾಕಿದ ಹತ್ತು ಹನ್ನೆರಡು ನೋಟುಪುಸ್ತಕ. ಅವುಗಳಲ್ಲಿ ಬ್ಯಾಟುಗಾರರ ಲೆಕ್ಕ ಎಡಗಡೆ, ಸಣ್ಣ ಅಕ್ಷರದಲ್ಲಿ. ಬೌಲರುಗಳ ಲೆಕ್ಕ ಬಲಗಡೆ, ದಪ್ಪ ಅಕ್ಷರದಲ್ಲಿ.

ನಾಯಕನೆಂದರೆ ನೀರುಗಂಟಿಯಿದ್ದ ಹಾಗೆ ಎಂಬುದು ಅವರ ಸಿದ್ಧಾಂತ. ಇರುವ ನೀರು ಒಂದೇ ಕಾಲುವೆಯದು. ಬಾಯಿಬಿಟ್ಟು ಕಾದಿರುವ ಗದ್ದೆಗಳು ಹತ್ತು. ಯಾವ ಹೊತ್ತಿನಲ್ಲಿ ಯಾವ ತೂಬನ್ನು ಎತ್ತಬೇಕೆಂಬುದನ್ನು ಅವನೇ ನಿರ್ಧರಿಸಬೇಕು, ಎಲ್ಲರ ಬೈಗುಳವನ್ನೂ ಅವನೇ ತಿನ್ನಬೇಕು. ಪೈರು ಚೆನ್ನಾಗಿ ಬಂದರೆ ಮಾತ್ರ ಯಾರೂ ನೀರುಗಂಟಿಯ ಹೆಸರೆತ್ತುವುದಿಲ್ಲ.

ಈ ಸಿದ್ಧಾಂತಕ್ಕೆ ಅವರು ಕೊಡುತ್ತಿದ್ದ ಮೊದಲ ಉದಾಹರಣೆ 1974ರದು. ಅಲ್ಲಿಯವರೆಗೆ ಹದಿನೈದು ವರ್ಷ, ಅಂದರೆ 1958-59ರಿಂದ 1972-73ರವರೆಗೆ, ರಣಜಿ ಟ್ರೋಫಿ ಮುಂಬಯಿಯನ್ನು ಬಿಟ್ಟು ಅತ್ತಿತ್ತ ಕದಲಿರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷವೇ, ಮಾರ್ಚ್ ತಿಂಗಳಿನಲ್ಲಿ, ಬೆಂಗಳೂರಿನಲ್ಲಿ ಸೆಮಿಫೈನಲ್ ಪಂದ್ಯ ನಡೆಯಿತು. ಎದುರಿಗೆ ಅದೇ ಮುಂಬಯಿ. ಬಂಧುಗಳ ಮನೆಯಲ್ಲಿ ತಂಗಿ, ಚಿತ್ರಾನ್ನದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರು ಅದನ್ನು ನೋಡಿದರು. ಮೊದಲ ಚೆಂಡಿಗೇ ಎಲ್‌ಬಿಡಬ್ಲ್ಯು ಮನವಿಯನ್ನು ಎದುರಿಸಿ ಉಳಿದುಕೊಂಡ ವಿಶ್ವನಾಥ್ 162 ಹೊಡೆದರು. ಬ್ರಿಜೇಶ್ ಪಟೇಲ್ 106. ಕರ್ನಾಟಕದ ಮೊತ್ತ 385.

ಇಲ್ಲಿ ಒಂದು ನಿಯಮವನ್ನು ನೆನಪಿಡಬೇಕು. ಎರಡೂ ಇನ್ನಿಂಗ್ಸು ಮುಗಿಯದೆ ಕಾಲ ಮೀರಿದರೆ ಮೊದಲ ಇನ್ನಿಂಗ್ಸಿನಲ್ಲಿ ಹೆಚ್ಚು ರನ್ನು ಗಳಿಸಿದವರೇ ಮುಂದೆ ಹೋಗುತ್ತಾರೆ. ಆದ್ದರಿಂದ ಬೌಲರುಗಳ ಕೆಲಸ ಇಪ್ಪತ್ತು ವಿಕೆಟ್ಟು ಕೀಳುವುದಲ್ಲ. ಎದುರಾಳಿ 386 ಮುಟ್ಟುವುದರೊಳಗೆ ಹತ್ತನ್ನು ಕೀಳುವುದು. ಕೇಳುವುದಕ್ಕೆ ಸುಲಭ. ಆದರೆ ರನ್ನು ತಡೆಯುವ ಬೌಲರನೇ ಬೇರೆ, ವಿಕೆಟ್ಟು ಕೀಳುವ ಬೌಲರನೇ ಬೇರೆ. ಅಂದಿನ ನಾಯಕ ಪ್ರಸನ್ನ. ಅವರ ಕೈಯಲ್ಲಿದ್ದ ಅಸ್ತ್ರ ಚಂದ್ರಶೇಖರ್. ಪೋಲಿಯೋದಿಂದ ಸೊರಗಿದ ಬಲಗೈಯಿಂದ ಗುಂಡಿನಂತೆ ಗೂಗ್ಲಿಯನ್ನು ಎಸೆಯುತ್ತಿದ್ದ ಈ ಮೈಸೂರಿನವರು ಯಾವ ಚೆಂಡನ್ನು ಎಲ್ಲಿ ಹಾಕುವರೆಂದು ದಾಂಡಿಗನಿಗಷ್ಟೇ ಅಲ್ಲ, ಕೆಲವೊಮ್ಮೆ ಅವರಿಗೇ ತಿಳಿಯುತ್ತಿರಲಿಲ್ಲ ಎಂಬ ಮಾತು ಪ್ರಸಿದ್ಧವಾಗಿದೆ. ಅಂಥವರಿಗೆ ಚೆಂಡು ಕೊಟ್ಟ ನಾಯಕನು ನಾಲ್ಕು ಬೌಂಡರಿಗಳನ್ನು ನುಂಗಿಕೊಂಡು ಐದನೆಯ ಚೆಂಡಿಗೆ ಕಾಯುವ ತಾಳ್ಮೆಯುಳ್ಳವನಾಗಿರಬೇಕು.

ಪ್ರಸನ್ನ ಕಾದರು. ಸ್ವತಃ ತಾವೂ ಎಸೆದರು. ಇಬ್ಬರೂ ತಲಾ ನೂರಕ್ಕೆ ಮಿಕ್ಕಿ ರನ್ನು ತೆತ್ತರು. ಪ್ರಸನ್ನರಿಗೆ ಐದು ವಿಕೆಟ್ಟು, ಚಂದ್ರರಿಗೆ ನಾಲ್ಕು. ಉಳಿದ ಒಂದೇ ಒಂದು ವಿಕೆಟ್ಟು ಮುಂಬಯಿಯ ನಾಯಕ ವಾಡೇಕರರದು. ಚೆನ್ನಾಗಿ ಆಡುತ್ತಿದ್ದವರು ಓಡುವಾಗ ಜಾರಿ 62ಕ್ಕೆ ರನೌಟಾದರು. ಗಾವಸ್ಕರರಿಗೆ ಪ್ರಸನ್ನ ಎಸೆದ ಚೆಂಡಿನ ವಿಷಯವನ್ನಂತೂ ಮೇಷ್ಟ್ರು ಅಡಕೆ ಕತ್ತರಿಯನ್ನು ಕೆಳಗಿಟ್ಟು, ಕೈಯನ್ನು ಗಾಳಿಯಲ್ಲಿ ಬಾಗಿಸಿ ವರ್ಣಿಸುತ್ತಿದ್ದರು. ಅದು ಹೊರಕ್ಕೆ ತೇಲಿಹೋದಂತೆ ಕಂಡಿತಂತೆ, ಬ್ಯಾಟು ಅದರ ಹಿಂದೆ ಹೋಯಿತಂತೆ, ವಿಕೆಟ್ಟು ಬಿದ್ದ ಮೇಲೂ ಗ್ಯಾಲರಿಯಲ್ಲಿ ಒಂದು ಗಳಿಗೆ ಸದ್ದಿರಲಿಲ್ಲವಂತೆ. ಮುಂಬಯಿ 307ಕ್ಕೆ ಮುಗಿಯಿತು. ಎಪ್ಪತ್ತೆಂಟು ರನ್ನುಗಳ ಮುನ್ನಡೆ. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿಯನ್ನು ತಂದಿತು.

ಗೆದ್ದ ಪಂದ್ಯದಿಂದ ಕಲಿಯುವುದು ಕಡಿಮೆ. ಚಂದ್ರರ ನಾಲ್ಕು ವಿಕೆಟ್ಟುಗಳ ಬದಲು ಒಂದೇ ಬಿದ್ದಿದ್ದರೆ, ಅದೇ ತಾಳ್ಮೆಗೆ ಮರುದಿನ ಮೊಂಡುತನವೆಂದು ಹೆಸರಾಗುತ್ತಿತ್ತು. ಮೇಷ್ಟ್ರು ಇದನ್ನು ಬಲ್ಲವರಾದ್ದರಿಂದ ಗೆಲುವಿಗಿಂತ ಹೆಚ್ಚಾಗಿ ಸೋಲುಗಳನ್ನು ಚರ್ಚಿಸುತ್ತಿದ್ದರು. ಅವರಿಗೆ ಅತ್ಯಂತ ಪ್ರಿಯವಾದ ಸೋಲು, ವಿಚಿತ್ರವೆನಿಸಬಹುದು, ಕ್ರಿಕೆಟ್ಟಿನದೇ ಅಲ್ಲ. ಮೈಸೂರಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಮುಖಪುಟ ಹರಿದ ಅಮೆರಿಕದ ಪತ್ರಿಕೆಯೊಂದು ಅವರ ಕೈಗೆ ಸಿಕ್ಕಿತ್ತು. ಅದರಲ್ಲಿದ್ದುದು 1960ರ ಬೇಸ್‌ಬಾಲ್ ಚಾಂಪಿಯನ್‌ಷಿಪ್ಪಿನ ಕಥೆ.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ನಮ್ಮ ಬೌಲರನು ಆರು ಚೆಂಡು ಹಾಕಿ ವಿಶ್ರಮಿಸಬಹುದು, ಚಹಾದ ನಂತರ ಮರಳಿ ಬರಬಹುದು. ಪಿಚರನಿಗೆ ಆ ಸೌಲಭ್ಯವಿಲ್ಲ. ಒಮ್ಮೆ ಅವನನ್ನು ಆಟದಿಂದ ಹೊರಕ್ಕೆ ಕರೆದರೆ ಆ ದಿನಕ್ಕೆ ಅವನ ಕಥೆ ಮುಗಿಯಿತು. ದಿನವಿಡೀ ಎಸೆದವನ ತೋಳಿಗೆ ಮೂರು ನಾಲ್ಕು ದಿನಗಳ ವಿಶ್ರಾಂತಿಯೂ ಬೇಕು. ಅಂತಿಮ ಸರಣಿ ಏಳು ಪಂದ್ಯಗಳದು. ನಾಲ್ಕನ್ನು ಗೆದ್ದವರು ಚಾಂಪಿಯನ್ನರು. ಹೀಗಾಗಿ ಮೊದಲ ದಿನ ಯಾರನ್ನು ಇಳಿಸುತ್ತೇವೆ ಎಂಬುದರಲ್ಲೇ ಏಳನೆಯ ದಿನ ಯಾರು ಸಿಗುತ್ತಾರೆ ಎಂಬುದು ಅಡಗಿರುತ್ತದೆ. ಈ ನಿರ್ಣಯ ಮಾಡುವವನು ಮೈದಾನದಲ್ಲಿ ಆಡುವ ನಾಯಕನಲ್ಲ, ಅಂಚಿನ ಬೆಂಚಿನ ಮೇಲೆ ಕೂರುವ ಮ್ಯಾನೇಜರ್.

ನ್ಯೂಯಾರ್ಕ್ ಯಾಂಕೀಸ್ ತಂಡದ ಮ್ಯಾನೇಜರ್ ಆಗ ಕೇಸಿ ಸ್ಟೆಂಗೆಲ್, ಎಪ್ಪತ್ತು ವರ್ಷದ ಮುದುಕ, ಅನುಭವದಲ್ಲಿ ಭೀಷ್ಮ. ಅವನ ಬಳಿ ವೈಟಿ ಫೋರ್ಡ್ ಎಂಬ ಎಡಗೈಯ ಪಿಚರನಿದ್ದ. ಪಿಟ್ಸ್‌ಬರ್ಗ್ ಮೈದಾನದಲ್ಲಿ ನಡೆಯುವ ಮೊದಲ ಪಂದ್ಯಕ್ಕೆ ಫೋರ್ಡ್ ಬೇಡ, ತವರಿನ ಮೈದಾನವೇ ಅವನಿಗೆ ಒಪ್ಪುವುದೆಂದು ಮುದುಕ ಅವನನ್ನು ಮೂರನೆಯ ಪಂದ್ಯಕ್ಕೆ ಕಾದಿರಿಸಿದ. ಮೊದಲ ದಿನ ಇಳಿದ ಆರ್ಟ್ ಡಿಟ್ಮಾರ್ ಒಂದು ಸರದಿಯನ್ನೂ ಪೂರೈಸಲಾರದೆ ಹೊರನಡೆದ. ಫೋರ್ಡ್ ಮೂರನೆಯ ಪಂದ್ಯವನ್ನು 10-0ರಿಂದ, ಆರನೆಯದನ್ನು 12-0ರಿಂದ ಗೆದ್ದುಕೊಟ್ಟ. ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಮೊದಲ ದಿನವೇ ಅವನನ್ನು ಇಳಿಸಿದ್ದರೆ ಒಂದು, ನಾಲ್ಕು ಮತ್ತು ಏಳನೆಯ ಪಂದ್ಯಗಳಿಗೆ ಅವನು ಒದಗುತ್ತಿದ್ದ. ಏಳನೆಯ ದಿನ ಅವನ ತೋಳು ದಣಿದಿತ್ತು. ಪಿಟ್ಸ್‌ಬರ್ಗಿನ ಬಿಲ್ ಮಜೆರೋಸ್ಕಿ ಕೊನೆಯ ಸರದಿಯಲ್ಲಿ ಚೆಂಡನ್ನು ಗೋಡೆಯಾಚೆಗೆ ಬಾರಿಸಿ 10-9ರಿಂದ ಪಂದ್ಯವನ್ನು ಮುಗಿಸಿದ. ಸರಣಿಯಲ್ಲಿ ಒಟ್ಟು ಯಾಂಕಿಗಳು ಗಳಿಸಿದ ರನ್ನು 55, ಪಿಟ್ಸ್‌ಬರ್ಗಿನವರದು 27. ಆದರೂ ಸೋತವರು ಯಾಂಕಿಗಳು! ಕೆಲವೇ ದಿನಗಳಲ್ಲಿ ಸ್ಟೆಂಗೆಲನನ್ನು ಕೆಲಸದಿಂದ ಬಿಡಿಸಿದರು.

ಈ ಕಥೆಯನ್ನು ಮೇಷ್ಟ್ರು ಹೇಳುತ್ತಿದ್ದುದು ಸ್ಟೆಂಗೆಲನ ಪರವಾಗಿ. ಮುದುಕನಿಗೆ ಅಂದು ಗೊತ್ತಿದ್ದುದು ಅಷ್ಟೇ, ಗೊತ್ತಿದ್ದುದರ ಮೇಲೆ ನಿರ್ಣಯ ಮಾಡಿದ, ಫಲ ಕೈಮೀರಿದ್ದು ಎಂದು ಅವರ ವಾದ. ಊರಿನ ಪಡಸಾಲೆಯಲ್ಲಿ ಈ ವಾದವನ್ನು ಖಂಡಿಸುವವರು ಯಾರೂ ಇರಲಿಲ್ಲ. ಬೇಸ್‌ಬಾಲೆಂದರೇನೆಂದು ತಿಳಿದವರೇ ಇರಲಿಲ್ಲವೆಂಬುದು ಅದಕ್ಕೆ ಕಾರಣವಿರಬಹುದು.

1982ರ ಮಾರ್ಚ್ ತಿಂಗಳು ಆ ಮನೆಯಲ್ಲಿ ಕ್ರಿಕೆಟ್ಟಿನ ಜ್ವರ ಏರಿದ ಕಾಲ. ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಎಡಗೈ ಸ್ಪಿನ್ನರ್ ರಘುರಾಂ ಭಟ್ ಹ್ಯಾಟ್ರಿಕ್ ಸಹಿತ ಮುಂಬಯಿಯನ್ನು ಕೆಡವಿದ್ದರು. ಬಲಗೈಯವರಿಗೆ ಅವರ ಚೆಂಡು ಹೊರಕ್ಕೆ ತಿರುಗುವುದನ್ನು ತಡೆಯಲಾರದೆ ಗಾವಸ್ಕರ್ ಎರಡನೆಯ ಇನ್ನಿಂಗ್ಸಿನಲ್ಲಿ ಎಡಗೈಯಲ್ಲಿ ಬ್ಯಾಟು ಹಿಡಿದು ನಿಂತರು! ಕರ್ನಾಟಕದ ನಾಯಕ ವಿಶ್ವನಾಥ್. ಗಾವಸ್ಕರರ ತಂಗಿಯನ್ನು ಮದುವೆಯಾದವರು. ಭಾವ ಮೈದುನರ ಈ ಪಂದ್ಯದಲ್ಲಿ ಮುನ್ನಡೆ ಕರ್ನಾಟಕದ್ದಾಯಿತು. ಮೇಷ್ಟ್ರ ಹಿರಿಯ ಮಗ ಆಗ ಎರಡನೆಯ ಪಿ.ಯು.ಸಿ. ಪರೀಕ್ಷೆಗೆ ಓದುತ್ತಿದ್ದ ಹುಡುಗ. ಅವನದೂ ಎಡಗೈ. ಸಂಜೆ ಹೊಳೆಯ ದಡದಲ್ಲಿ ಭಟ್ಟರಂತೆ ಎರಡು ಹೆಜ್ಜೆ ಹಾಕಿ ಚೆಂಡು ತಿರುಗಿಸುವುದೇ ಅವನಿಗೆ ವಿರಾಮ.

ದೆಹಲಿಯ ಫೈನಲ್ಲಿನಲ್ಲಿ ಕರ್ನಾಟಕ 705 ರನ್ನುಗಳ ಬೆಟ್ಟವನ್ನು ಕಟ್ಟಿತು. ಬ್ರಿಜೇಶ್ ಪಟೇಲ್, ಕಿರ್ಮಾನಿ ಮೊದಲಾದವರ ಶತಕಗಳು. ಇನ್ನು ಗೆದ್ದಂತೆಯೇ ಎಂದು ಯಾರಾದರೂ ಹೇಳುವ ಮಾತು. ಮೊಹಿಂದರ್ ಅಮರನಾಥ್ 185 ಹೊಡೆದರೂ ದೆಹಲಿ 589ಕ್ಕೆ ಎಂಟು ವಿಕೆಟ್ಟು ಕಳೆದುಕೊಂಡಿತು. ಉಳಿದ ವಿಕೆಟ್ಟುಗಳು ಎರಡೇ. ಬೇಕಾದ ರನ್ನು ನೂರಕ್ಕೂ ಮೇಲೆ. ಕ್ರೀಸಿನಲ್ಲಿದ್ದವರು ರಾಕೇಶ್ ಶುಕ್ಲ ಮತ್ತು ರಾಜೇಶ್ ಪೀಟರ್. ಶುಕ್ಲ ಲೆಗ್‌ಸ್ಪಿನ್ನರ್, ಪೀಟರ್ ಮಧ್ಯಮ ವೇಗದ ಬೌಲರ್.

ನಾಯಕನಿಗೆ ಇದಕ್ಕಿಂತ ಕಠಿಣವಾದ ಹೊತ್ತಿಲ್ಲ. ಒಳ್ಳೆಯ ದಾಂಡಿಗನಿಗೆ ಹೇಗೆ ಚೆಂಡು ಹಾಕಬೇಕೆಂಬುದು ಎಲ್ಲರಿಗೂ ಗೊತ್ತು. ಬಾಲಂಗೋಚಿಗಳ ವಿಷಯದಲ್ಲಿ ಮನಸ್ಸು ಸಡಿಲವಾಗುತ್ತದೆ. ಇಂದಲ್ಲ ನಾಳೆ ತಾನಾಗಿಯೇ ಔಟಾಗುತ್ತಾನೆ ಎಂಬ ಭಾವ. ಹತ್ತಿರ ನಿಲ್ಲಿಸಿದವರನ್ನು ದೂರಕ್ಕೆ ಕಳುಹಿಸಿದರೆ ಒಂದೊಂದೇ ರನ್ನು ಸೋರುತ್ತದೆ. ಹತ್ತಿರವೇ ಇಟ್ಟರೆ ಬೌಂಡರಿ ಹೋಗುತ್ತದೆ. ಭುಜ ಸೋತ ಬೌಲರನಿಗೆ ಇನ್ನೊಂದು ಓವರು ಕೊಡುವುದೋ, ಹೊಸಬನನ್ನು ಕರೆಯುವುದೋ? ಹೀಗೆ ಯೋಚಿಸುತ್ತಿರುವಾಗಲೇ ಇಪ್ಪತ್ತು ರನ್ನು ಆಗಿಹೋಗಿರುತ್ತದೆ. ಶುಕ್ಲ ಔಟಾಗದೆ 69, ಪೀಟರ್ ಔಟಾಗದೆ 67. ದೆಹಲಿ ಎಂಟು ವಿಕೆಟ್ಟಿಗೆ 707. ಎರಡು ರನ್ನು ಹೆಚ್ಚು, ಟ್ರೋಫಿ ಅವರದು.

ಆ ಬೇಸಿಗೆಯಲ್ಲಿ ಮೇಷ್ಟ್ರ ಮನೆಯಲ್ಲೂ ಒಂದು ನಿರ್ಣಯವಾಯಿತು. ಹಿಂದಿನ ವರ್ಷ ಜಮೀನು ನೋಡಿಕೊಳ್ಳುತ್ತಿದ್ದ ಅವರ ತಮ್ಮ ತೀರಿಕೊಂಡಿದ್ದರು. ಎರಡು ಎಕರೆ ಗದ್ದೆ, ತಮ್ಮನ ಸಂಸಾರದ ಭಾರ, ಸೊಸೈಟಿಯ ಸಾಲ, ಪ್ರಾಥಮಿಕ ಶಾಲೆಯ ಸಂಬಳ. ಹಿರಿಯ ಮಗನಿಗೆ ಇಂಜಿನಿಯರಿಂಗ್ ಸೇರಲು ಸಾಕಾಗುವಷ್ಟು ಅಂಕಗಳು ಬಂದವು. ಬಂದ ವಾರದಲ್ಲೇ ಅವನು ನೇಗಿಲು ಹಿಡಿದ. ನಾಲ್ಕು ವರ್ಷಗಳ ನಂತರ, ಸಾಲ ತೀರಿದ ಮೇಲೆ, ಕಿರಿಯವನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ. ಈಗ ಬೆಂಗಳೂರಿನಲ್ಲಿದ್ದಾನೆ, ಕಾರಿನಲ್ಲಿ ಬಂದುಹೋಗುತ್ತಾನೆ. ಯಾರೂ ಜಗಳವಾಡಲಿಲ್ಲ. ಹಿರಿಯವನು ಒಂದು ಮಾತನ್ನೂ ಆಡಲಿಲ್ಲ. ಮೇಷ್ಟ್ರೂ ಆ ವಿಷಯವನ್ನು ಎತ್ತಲಿಲ್ಲ. ಕಬ್ಬು ಚೆನ್ನಾಗಿ ಬರುತ್ತಿತ್ತು.

ಇಪ್ಪತ್ತೆಂಟು ವರ್ಷ ಕಳೆದು, 2010ರ ಜನವರಿಯಲ್ಲಿ ರಣಜಿ ಫೈನಲ್ ಪಂದ್ಯವೊಂದು ಮೈಸೂರಿಗೆ ಬಂದಿತು. ಮಾನಸಗಂಗೋತ್ರಿಯ ಮರಗಳ ನಡುವಿನ ಗಂಗೋತ್ರಿ ಗ್ಲೇಡ್ಸ್ ಮೈದಾನ. ಕರ್ನಾಟಕಕ್ಕೆ ಎದುರು ಮತ್ತೆ ಮುಂಬಯಿ. ನಾಲ್ಕನೆಯ ದಿನ ಸಂಕ್ರಾಂತಿ. ಎಪ್ಪತ್ತಾರರ ಮೇಷ್ಟ್ರು ಹಿರಿಯ ಮಗನನ್ನೂ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗನನ್ನೂ ಹೊರಡಿಸಿಕೊಂಡು ಬೆಳಗಿನ ಜಾವವೇ ಮದ್ದೂರಿನಲ್ಲಿ ರೈಲು ಹತ್ತಿದರು. ಹಬ್ಬದ ದಿನ ಗಂಡಸರೆಲ್ಲ ಮನೆ ಬಿಟ್ಟು ಹೋಗುವುದನ್ನು ಅಜ್ಜಿ ಹೇಗೆ ಸಹಿಸಿದರೆಂಬುದು ಬೇರೆಯೇ ಪ್ರಬಂಧಕ್ಕೆ ವಸ್ತು. ಮೈದಾನದಲ್ಲಿ ಕೂರಲು ಜಾಗವಿರಲಿಲ್ಲ. ಹುಡುಗರು ಮರದ ಕೊಂಬೆಗಳನ್ನು ಹತ್ತಿದ್ದರು.

ಆ ವೇಳೆಗೆ ನಡೆದಿದ್ದುದು ಇಷ್ಟು. ಮುಂಬಯಿ ಮೊದಲು 233. ಸಾಲ್ವಿಯ ಐದು ವಿಕೆಟ್ಟುಗಳ ದಾಳಿಗೆ ಸಿಕ್ಕಿ ಕರ್ನಾಟಕ 130. ಎರಡನೆಯ ಇನ್ನಿಂಗ್ಸಿನಲ್ಲಿ ನಾಯಕ ಉತ್ತಪ್ಪ ಇಪ್ಪತ್ತು ವರ್ಷದ ಅಭಿಮನ್ಯು ಮಿಥುನನ ಮೇಲೆ ಭರವಸೆಯಿಟ್ಟ. ಪ್ರಥಮ ದರ್ಜೆಯಲ್ಲಿ ಅದು ಅವನ ಮೊದಲ ವರ್ಷ. ಆ ಸಾಲಿನಲ್ಲಿ ಅವನೂ ವಿನಯ್ ಕುಮಾರನೂ ತಲಾ ನಲವತ್ತಕ್ಕೂ ಹೆಚ್ಚು ವಿಕೆಟ್ಟು ಕಿತ್ತಿದ್ದರು. ಮಿಥುನ್ 71 ರನ್ನಿಗೆ ಆರು ವಿಕೆಟ್ಟು ತೆಗೆದು ಭರವಸೆಯನ್ನು ಉಳಿಸಿಕೊಂಡ. ಆದರೂ ಮುಂಬಯಿ 234ರವರೆಗೆ ನಡೆಯಿತು. ಅದರಲ್ಲಿ 87 ರನ್ನು ಧವಳ್ ಕುಲಕರ್ಣಿಯ ಬ್ಯಾಟಿನಿಂದ. ಅವನೂ ಬೌಲರನೇ! 1982ರಲ್ಲಿ ದೆಹಲಿಯ ಬೌಲರುಗಳು ಬ್ಯಾಟು ಹಿಡಿದು ಮಾಡಿದ್ದನ್ನು 2010ರಲ್ಲಿ ಮುಂಬಯಿಯ ಬೌಲರನೊಬ್ಬ ಮಾಡಿದ. ಕರ್ನಾಟಕದ ಮುಂದೆ 338ರ ಗುರಿ.

ಮನೀಷ್ ಪಾಂಡೆ ಮತ್ತು ಗಣೇಶ್ ಸತೀಶ್ ಆಡುತ್ತಿರುವವರೆಗೆ ಮೈಸೂರೇ ಎದ್ದು ನಿಂತಿತ್ತು. ಪಾಂಡೆ 144, ಸತೀಶ್ 75. ಆಮೇಲೆ ಮುಂಬಯಿಯ ನಾಯಕ ಜಾಫರ್ ಅನುಭವಿ ಅಗರ್ಕರನ ಕೈಗೆ ಚೆಂಡು ಕೊಟ್ಟು ಕೊಟ್ಟು ಪಂದ್ಯವನ್ನು ಹಿಂದಕ್ಕೆ ಎಳೆದ. ವಿಕೆಟ್ಟುಗಳು ಉದುರತೊಡಗಿದವು. ಮೊಮ್ಮಗನಿಗೆ ದುಃಖ ತಡೆಯಲಾಗಲಿಲ್ಲ.

“ಆ ಕುಲಕರ್ಣಿ ಆಡ್ತಿದ್ದಾಗ್ಲೇ ಬೌಲರ್‌ನ ಬದಲಾಯಿಸ್ಬೇಕಿತ್ತು ತಾತ. ಅವತ್ತೇ ಸೋತ್ವಿ ನಾವು” ಎಂದ.

“ಈಗ ಹೇಳೋದು ಸುಲಭ ಕಣಪ್ಪ. ಅವತ್ತು ನಾಯಕನಿಗೆ ಏನು ಗೊತ್ತಿತ್ತೋ ಅದನ್ನ ನೋಡ್ಬೇಕು. ಆ ಸ್ಟೆಂಗೆಲ್ಲು...” ಎಂದು ಮೇಷ್ಟ್ರು ಹಳೆಯ ಕಥೆಯನ್ನು ಆರಂಭಿಸಿದರು.

ಮೈದಾನದಿಂದ ಕಣ್ಣು ತೆಗೆಯದೆ ಹಿರಿಯ ಮಗ ಹೇಳಿದ: “ಅಪ್ಪ, ಆ ಫೋರ್ಡಿಗೆ ಮೊದಲ್ನೇ ದಿನ ಚೆಂಡು ಕೊಡ್ಲಿಲ್ಲ ಅಂತ ಲೋಕವೆಲ್ಲ ಇವತ್ತಿಗೂ ಮಾತಾಡ್ತದೆ. ಯಾಕೆ? ಮೂರನೇ ದಿನ, ಆರನೇ ದಿನ ಅವನು ಎಸೆದು ತೋರಿಸ್ದ. ಒಂದು ದಿನಾನೂ ಕೊಡದೆ ಇದ್ದಿದ್ರೆ ಅವನು ಎಂಥಾ ಆಟಗಾರ ಅಂತ ಯಾರಿಗ್ ಗೊತ್ತಾಗ್ತಿತ್ತು? ಸ್ಟೆಂಗೆಲ್ಲಿಗೂ ಗೊತ್ತಾಗ್ತಿರ್ಲಿಲ್ಲ.”

ಅವನ ದನಿಯಲ್ಲಿ ಕೋಪವಿರಲಿಲ್ಲ. ಆಟದ ಮಾತನ್ನು ಆಟದ ಮಾತಿನಂತೆಯೇ ಆಡಿದ್ದ. ಹುಡುಗನು ತಾತ ಏನು ಉತ್ತರ ಕೊಡುವರೆಂದು ಅವರ ಮುಖ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಅಷ್ಟರಲ್ಲಿ ಮತ್ತೊಂದು ಬೌಂಡರಿ ಹೋಗಿ ಜನ ಎದ್ದು ಕೂಗಿದರು. ಹತ್ತು ರನ್ನು ಬೇಕು, ಎಂಟು ಬೇಕು, ಏಳು ಬೇಕು. ಒಂದು ಹೊಡೆತ, ಒಂದು ಓಟ. ಕೊನೆಯ ವಿಕೆಟ್ಟು ಬಿದ್ದಾಗ ಕರ್ನಾಟಕದ ಮೊತ್ತ 331. ಅಗರ್ಕರನಿಗೆ ಐದು ವಿಕೆಟ್ಟು. ಮುಂಬಯಿಗೆ ಆರು ರನ್ನಿನ ಜಯ. ಮರ ಹತ್ತಿದ್ದ ಹುಡುಗರು ಬಹಳ ಹೊತ್ತು ಇಳಿಯಲೇ ಇಲ್ಲ.

ಮುಂದೆ 2014ರಲ್ಲಿ, 2015ರಲ್ಲಿ ವಿನಯ್ ಕುಮಾರನೇ ನಾಯಕನಾಗಿ ಕರ್ನಾಟಕ ಸತತ ಎರಡು ಸಲ ಟ್ರೋಫಿ ಗೆದ್ದಿತು. ಬೌಲರನಾದ ಈ ನಾಯಕ 2015ರ ಫೈನಲ್ಲಿನಲ್ಲಿ ಐದು ವಿಕೆಟ್ಟನ್ನೂ ತೆಗೆದು ಶತಕವನ್ನೂ ಹೊಡೆದ. ಆದರೆ ಆ ಸಂಜೆ ಅದನ್ನು ಯಾರು ಬಲ್ಲರು? ರೈಲಿನಲ್ಲಿ ಮೂವರೂ ಮಾತಿಲ್ಲದೆ ಬಂದರು. ಮಂಡ್ಯ ದಾಟುವಾಗ ಹೊರಗೆ ಕತ್ತಲಲ್ಲಿ ಅಲ್ಲಲ್ಲಿ ಬೆಂಕಿ ಕಾಣುತ್ತಿತ್ತು. ಹಳ್ಳಿಗಳಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಿದ್ದರು. ಮರುದಿನ ಸೂರ್ಯಗ್ರಹಣವಿದ್ದುದರಿಂದ ಗಾಡಿಯಲ್ಲಿದ್ದವರ ಮಾತೆಲ್ಲ ಆ ಕಡೆಗೆ ಹರಿದಿತ್ತು.

ಮನೆಯಲ್ಲಿ ಎಳ್ಳುಬೆಲ್ಲದ ತಟ್ಟೆ ಕಾದಿತ್ತು. ಮೇಷ್ಟ್ರು ನೋಟುಪುಸ್ತಕವನ್ನು ತೆರೆದು ಬಲಗಡೆಯ ಲೆಕ್ಕವನ್ನು ಬರೆದರು: ಮಿಥುನ್, ಆರು, 71. ಪುಟ ತಿರುವಿದರು, ಮುಚ್ಚಲಿಲ್ಲ. ಮೂರು ಫೇಸಿನ ಕರೆಂಟು ಬರುವುದು ರಾತ್ರಿ ಹತ್ತರ ಮೇಲೆ. ಹಿರಿಯ ಮಗ ಉಂಡೆದ್ದು, ತಲೆಗೆ ಟವಲು ಸುತ್ತಿ, ಟಾರ್ಚು ಹಿಡಿದು ಕಬ್ಬಿಗೆ ನೀರು ಕಟ್ಟಲು ಹೊರಟಿದ್ದ. ಮೈಸೂರಿನ ಕ್ಲಬ್ಬೊಂದರಲ್ಲಿ ಎಡಗೈ ಬೌಲಿಂಗ್ ಕಲಿಯಬೇಕೆಂದು ಮೊಮ್ಮಗ ದೀಪಾವಳಿಯಿಂದ ಹಟ ಹಿಡಿದಿದ್ದ. ಓದು ಕೆಡುತ್ತದೆಂದು ಬೇಡವೆಂದಿದ್ದವರು ತಾತನೇ.

“ಆ ಕ್ಲಬ್ಬಿಗೆ ತಿಂಗಳಿಗೆ ಎಷ್ಟಂತೆ?” ಎಂದು ಮೇಷ್ಟ್ರು ಒಳಗಿನಿಂದಲೇ ಕೇಳಿದರು.

ಮಗ ಹೊಸ್ತಿಲಲ್ಲಿ ನಿಂತ. “ವಿಚಾರಿಸಿಲ್ಲ ಅಪ್ಪ.”

“ವಿಚಾರಿಸು.”

“ಆಗ್ಲಿ. ಗ್ರಹಣ ಕಳೀಲಿ, ಶನಿವಾರ ಹೋಗ್ಬತ್ತೀನಿ” ಎಂದು ಅವನು ಟಾರ್ಚು ಹಚ್ಚಿ ಗದ್ದೆಯ ಕಡೆಗೆ ನಡೆದ. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಪಂಪ್‌ಸೆಟ್ಟಿನ ಸದ್ದು ಕೇಳಿಬಂತು.